ಜೂನ್ ಮುಗಿಯುವುದರೊಳಗೆ ಠಾಣೆಗೊಮ್ಮೆ ಹೋಗಿ ಬನ್ನಿ

ಬಡ್ತಿ ಸಿಕ್ಕಿ ಹೊಸದಾಗಿ ಮುಖ್ಯೋಪಾಧ್ಯಾಯರಾದವರು ನನಗೆ ಫೋನ್ ಮಾಡಿ ಕೇಳುವುದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಬಗ್ಗೆ, ಅನುದಾನದ ಬಗ್ಗೆ, ಇಲ್ಲಾ ಬಿಸಿಯೂಟದ ಲೆಕ್ಕದ ಬಗ್ಗೆ. ಪೊಲೀಸ್ ಠಾಣೆಯ ವಿಷಯ ಯಾರೂ ಎತ್ತುವುದಿಲ್ಲ. ಎತ್ತುವ ಹೊತ್ತಿಗೆ ಎಂತದೋ ಆಗಿಹೋಗಿರುತ್ತದೆ, ಗೇಟಿನ ಎದುರು ಊರೇ ನೆರೆದಿರುತ್ತದೆ, ಯಾರಿಗೆ ಫೋನ್ ಮಾಡಬೇಕೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಈ ಸಲ ಕೇಳುವ ಮೊದಲೇ ಬರೆದುಬಿಡುತ್ತಿದ್ದೇನೆ.

ನಾನಿರುವುದು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಮೊದಲು ತೀರ್ಥಹಳ್ಳಿ ಕಡೆ ವಿಜ್ಞಾನ ಶಿಕ್ಷಕಿಯಾಗಿದ್ದೆ. ಹಿಂದೆ ಅಡಿಕೆ ತೋಟ, ಮುಂದೆ ಡಾಂಬರು ರಸ್ತೆ, ಸ್ವಲ್ಪ ಆಚೆಗೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್. ನಮ್ಮ ಕಡೆಯ ಶಾಲೆಗಳು ಹೆಚ್ಚುಕಡಿಮೆ ಎಲ್ಲವೂ ಹೀಗೇ. ಠಾಣೆ ಹೋಬಳಿ ಕೇಂದ್ರದಲ್ಲಿದೆ. ಬೇಸಿಗೆಯಲ್ಲಿ ಅರ್ಧ ಗಂಟೆಯ ದಾರಿ, ಮಳೆಗಾಲದಲ್ಲಿ ಮುಕ್ಕಾಲು ಗಂಟೆ, ರಸ್ತೆಗೆ ಮರ ಬಿದ್ದರೆ ದೇವರೇ ಗತಿ. ಅಂದರೆ ತುರ್ತು ನಂಬರು 112ಕ್ಕೆ ಫೋನ್ ಹೋದ ಮೇಲೂ ಗಾಡಿ ಬರುವ ತನಕದ ಹೊತ್ತು ನಾವೇ ನಿಭಾಯಿಸಬೇಕಾದದ್ದು. ಆ ಹೊತ್ತಿನಲ್ಲಿ ಏನು ಮಾಡಬೇಕು, ಏನಕ್ಕೆ ಕೈ ಹಾಕಬಾರದು ಎಂದು ಠಾಣೆಯವರ ಜೊತೆ ಮೊದಲೇ ಕೂತು ಮಾತಾಡಿಕೊಂಡಿರಬೇಕು.

ಮೊದಲ ಭೇಟಿ

ಬೆಳಿಗ್ಗೆ ಹೋಗಬೇಡಿ. ಹಾಜರಿ, ಕೋರ್ಟಿಗೆ ಹೋಗುವವರ ಗಡಿಬಿಡಿ, ಯಾರೂ ಕೈಗೆ ಸಿಗುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗಂತೂ ಬೇಡವೇ ಬೇಡ, ಶಿವಮೊಗ್ಗ ಪೇಟೆಯ ವಿಸರ್ಜನೆ ಬಂದೋಬಸ್ತಿಗೆ ಹಳ್ಳಿ ಠಾಣೆಯವರೂ ಹೋಗಿರುತ್ತಾರೆ. ಹಿಂದಿನ ದಿನ ಫೋನ್ ಮಾಡಿ ಮಧ್ಯಾಹ್ನದ ಮೇಲೆ ಹೋಗಿ. ಒಬ್ಬರೇ ಹೋಗಬೇಡಿ, ದೈಹಿಕ ಶಿಕ್ಷಕರನ್ನೋ ಹಿರಿಯ ಶಿಕ್ಷಕಿಯನ್ನೋ ಕರೆದುಕೊಂಡು ಹೋಗಿ. ನೀವು ರಜೆಯಲ್ಲಿದ್ದಾಗ ಠಾಣೆಗೆ ಫೋನ್ ಮಾಡಬೇಕಾದವರು ಅವರೇ.

ಕೈಯಲ್ಲಿ ಒಂದು ಹಾಳೆ ಇರಲಿ. ಹಾಳೆಯ ಒಂದು ಬದಿಗೆ ಶಾಲೆಯ ನಕ್ಷೆ. ಅಂದವಾಗಿರಬೇಕೆಂದಿಲ್ಲ, ಆದರೆ ಎರಡನೇ ಗೇಟು, ಬೇಲಿ ಮುರಿದ ಜಾಗ, ಶೌಚಾಲಯದ ಹಿಂದಿನಿಂದ ತೋಟಕ್ಕೆ ಇಳಿಯುವ ಕಾಲುದಾರಿ ಎಲ್ಲ ಅದರಲ್ಲಿ ಕಾಣಬೇಕು. ಇನ್ನೊಂದು ಬದಿಗೆ ಗಂಡು ಹೆಣ್ಣು ಮಕ್ಕಳ ಸಂಖ್ಯೆ, ಶಾಲೆ ಬಿಡುವ ಸಮಯ, ಬಸ್ಸುಗಳ ಸಮಯ, ಹಾಸ್ಟೆಲ್ ವಾರ್ಡನ್ ನಂಬರು, ನಿಮ್ಮದು, ನಿಮ್ಮ ನಂತರದವರದ್ದು. ಎರಡು ಪ್ರತಿ ಮಾಡಿ ಒಂದನ್ನು ಪಿಎಸ್‌ಐ (ಠಾಣೆಯ ಸಬ್‌ಇನ್‌ಸ್ಪೆಕ್ಟರ್) ಅವರಿಗೆ ಕೊಡಿ, ಇನ್ನೊಂದನ್ನು ಠಾಣೆಯ ಬರಹದ ಕೆಲಸ ನೋಡುವ ಸ್ಟೇಷನ್ ರೈಟರ್‌ಗೆ. ಪಿಎಸ್‌ಐ ವರ್ಗವಾಗಿ ಹೋದ ಮೇಲೂ ರೈಟರ್ ಹತ್ತಿರದ ಪ್ರತಿ ಎಲ್ಲೋ ಫೈಲಿನಲ್ಲಿ ಉಳಿದಿರುತ್ತದೆ.

ಅಲ್ಲಿಂದ ಎರಡು ಹೆಸರು ಕೇಳಿಕೊಂಡು ಬನ್ನಿ. ಮೊದಲನೆಯದು ನಿಮ್ಮ ಊರಿನ ಬೀಟ್ ಪೊಲೀಸರದ್ದು. ಎರಡನೆಯದು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯದ್ದು. 2015ರ ಬಾಲನ್ಯಾಯ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಅಂಥ ಒಬ್ಬರು ಇರಬೇಕು, ಎಎಸ್‌ಐ ದರ್ಜೆಗಿಂತ ಕೆಳಗಿನವರಾಗಿರಬಾರದು. ಠಾಣೆಯಲ್ಲಿ ಎದುರಿಗೆ ಸಿಕ್ಕವರನ್ನು ಕೇಳಿದರೆ "ಹಂಗೆ ಬೇರೆ ಯಾರೂ ಇಲ್ಲ ಮೇಡಂ, ಎಲ್ಲ ಸಾಹೇಬ್ರೇ ನೋಡೋದು" ಎನ್ನಬಹುದು. ಜಗಳ ಬೇಡ. "ಶಾಲೆಯ ಬೋರ್ಡಿನ ಮೇಲೆ ಬರೆಸಬೇಕಿತ್ತು, ಯಾರ ಹೆಸರು ಬರೆಸಲಿ?" ಎಂದು ಕೇಳಿ. ಬೋರ್ಡು ಎಂದ ಕೂಡಲೇ ಹೆಸರು ಹೊರಗೆ ಬರುತ್ತದೆ.

ಹೇಳಿ ಎದ್ದು ಬರಬೇಡಿ, ಕೇಳಿಸಿಕೊಂಡೂ ಬನ್ನಿ. ಶಾಲೆಯ ಸುತ್ತ ಏನು ನಡೆಯುತ್ತದೆ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಓಸಿ (ಮಟ್ಕಾ ಜೂಜು) ಬರೆಯುವವನು ಯಾವ ಗೂಡಂಗಡಿಯ ಹಿಂದೆ ಕೂರುತ್ತಾನೆ, ಗಾಂಜಾ ಯಾವ ಕಡೆಯಿಂದ ಬರುತ್ತಿದೆ ಎಂಬ ಅನುಮಾನ, ಯಾವ ತಿರುವಿನಲ್ಲಿ ಬೈಕುಗಳು ಬೀಳುತ್ತವೆ, ಎಲ್ಲ. ಒಬ್ಬ ಹೆಡ್ ಕಾನ್‌ಸ್ಟೆಬಲ್ ನನ್ನ ನಕ್ಷೆ ನೋಡಿ, ಪಾಳುಬಿದ್ದ ನೀರಿನ ಟ್ಯಾಂಕ್ ಮೇಲೆ ಬೆರಳಿಟ್ಟು, "ಇದರ ಹಿಂದೆ ಸಂಜೆ ಯಾರು ಕೂರ್ತಾರೆ ಅಂತ ನಿಮಗೆ ಗೊತ್ತಿಲ್ವಾ ಮೇಡಂ?" ಎಂದರು. ನಾವು ಆ ಟ್ಯಾಂಕನ್ನು ನಕ್ಷೆಯಲ್ಲಿ ಬರೆದಿದ್ದೇ ಗುರುತಿಗಿರಲಿ ಎಂದು.

ಯಾವುದು ನಮ್ಮದು, ಯಾವುದು ಅವರದ್ದು

ಇದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಹುಡುಗರ ಹೊಡೆದಾಟ, ಬ್ಯಾಗಿನಲ್ಲಿ ಮೊಬೈಲು, ಚೀಟಿ, ಕ್ಲಾಸಿಗೆ ಚಕ್ಕರ್, ಬೆಂಚು ಮುರಿದದ್ದು, ಇವೆಲ್ಲ ನಮ್ಮ ಪಾಲಿನವು. ನಾವು, ಪೋಷಕರು, ಹೆಚ್ಚೆಂದರೆ ಎಸ್‌ಡಿಎಂಸಿ ಅಧ್ಯಕ್ಷರು ಕೂತು ಬಗೆಹರಿಸಬೇಕು. ಲೈಂಗಿಕ ದೌರ್ಜನ್ಯ, ಮಾದಕ ವಸ್ತು ಮಾರಾಟ, ಮಗು ಕಾಣೆಯಾಗಿರುವುದು, ಆಯುಧ, ಸ್ಫೋಟಕ, ಹೊರಗಿನವರ ಬೆದರಿಕೆ, ಇವು ಅವರ ಪಾಲಿನವು. ಇವುಗಳಲ್ಲಿ ಶಾಲೆ "ಮೊದಲು ವಿಚಾರಣೆ ಮಾಡಿ ನೋಡೋಣ" ಎನ್ನುವ ಹಾಗಿಲ್ಲ. ಮನೆಯಲ್ಲಿ ಹೊಡೆತ, ಬಾಲ್ಯವಿವಾಹದ ಸುಳಿವು, ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿರುವ ಮಗು, ಇವಕ್ಕೆ ಮಕ್ಕಳ ಸಹಾಯವಾಣಿ 1098, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದ್ದಾರೆ. ಠಾಣೆಗೂ ಗೊತ್ತಿರಲಿ.

ನಮ್ಮಲ್ಲೇ ಒಂದು ಕೆಟ್ಟ ಅಭ್ಯಾಸವಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹತ್ತನೇ ತರಗತಿಯ ನಾಲ್ಕು ಹುಡುಗರು ಮಾತು ಕೇಳುವುದಿಲ್ಲ ಎಂದರೆ "ಒಂದ್ಸಲ ಬಂದು ಹೆದರಿಸಿ ಹೋಗಿ ಸಾರ್" ಎಂದು ಪೊಲೀಸರಿಗೆ ಫೋನ್ ಮಾಡುವುದು. ಅವರು ಲಾಠಿ ಹಿಡಿದು ಬಂದು ಪ್ರಾರ್ಥನೆಯಲ್ಲಿ ಗದರಿಸಿ ಹೋಗುತ್ತಾರೆ. ವಾರದ ಮಟ್ಟಿಗೆ ಶಾಲೆ ತೆಪ್ಪಗಾಗುತ್ತದೆ, ನಿಜ. ಆದರೆ ಆ ಸಾಲಿನಲ್ಲಿ ನಿಂತಿದ್ದ ಎಂಟನೇ ತರಗತಿಯ ಹುಡುಗಿ, ಬಸ್ಸಿನಲ್ಲಿ ದಿನಾ ಮೈಗೆ ಒರಗುವವನ ಬಗ್ಗೆ ಆಮೇಲೆ ಆ ಪೊಲೀಸರ ಹತ್ತಿರ ಬಾಯಿ ಬಿಡುತ್ತಾಳಾ? ನಾನಂತೂ ಹೆದರಿಸಲಿಕ್ಕೆ ಯಾರನ್ನೂ ಕರೆಸುವುದಿಲ್ಲ. ಕಾನೂನೂ ಅದಕ್ಕೆ ಅವಕಾಶ ಕೊಡುವುದಿಲ್ಲ. ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ, ಮಕ್ಕಳ ಜೊತೆ ವ್ಯವಹರಿಸುವ ಪೊಲೀಸರು ಆದಷ್ಟೂ ಸಾದಾ ಉಡುಪಿನಲ್ಲಿರಬೇಕು.

ಪರಿಚಯ ಇದ್ದರೆ ಏನು ಲಾಭ ಎನ್ನುವುದಕ್ಕೆ ಒಂದು ಪ್ರಸಂಗ. ಒಂಬತ್ತನೇ ತರಗತಿಯ ಹುಡುಗನೊಬ್ಬ ಕಂಪಾಸ್ ಬಾಕ್ಸಿನಲ್ಲಿ ಕೋವಿಯ ಖಾಲಿ ತೋಟಾ ಇಟ್ಟುಕೊಂಡು ಬಂದಿದ್ದ. ಹಿತ್ತಾಳೆ ತಳ, ಕೆಂಪು ಪ್ಲಾಸ್ಟಿಕ್ ಮೈ, ಮೂಸಿದರೆ ಇನ್ನೂ ಮದ್ದಿನ ವಾಸನೆ. ಕೋನಮಾಪಕದ ಕೆಳಗೆ ಹತ್ತಿ ಹಾಸಿ ಇಟ್ಟಿದ್ದ, ಅಷ್ಟು ಜೋಪಾನ. "ಅಪ್ಪನ ಕೋವಿದು ಮೇಡಂ, ಹಂದಿ ಓಡ್ಸಕ್ಕೆ ಹೊಡೆದಿದ್ದು, ಬಿದ್ದಿತ್ತು" ಎಂದ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಹೊಸತೇನಲ್ಲ. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸುವ ವಿಷಯಕ್ಕೆ ಪ್ರತಿ ಸಲ ಗೊಣಗಾಟವೂ ಇದ್ದದ್ದೇ. ಅಪ್ಪನನ್ನು ಕರೆಸಿದೆ, ಕೋವಿಯನ್ನೂ ತೋಟಾಗಳನ್ನೂ ಬೀಗದೊಳಗೆ ಇಡಿ ಎಂದೆ. ಅವರು ಕೂತಿರುವಾಗಲೇ ಬೀಟ್ ಪೊಲೀಸರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಖಾಲಿದು ಅಲ್ವಾ ಮೇಡಂ, ಆ ಕಡೆ ಬೀಟಿಗೆ ಬಂದಾಗ ಅವರ ಮನೆಗೊಮ್ಮೆ ಹೋಗಿ ನೋಡ್ತೀನಿ" ಎಂದರು. ಹೋಗಿಯೂ ಹೋದರು. ಹುಡುಗನ ಹೆಸರು ಎಲ್ಲೂ ಬರಲಿಲ್ಲ, ಮುಚ್ಚಿಟ್ಟ ಹಾಗೂ ಆಗಲಿಲ್ಲ. ಅದೇ ಜೀವಂತ ತೋಟಾ ಆಗಿದ್ದರೆ ಮಾತೇ ಬೇರೆ. ಅದನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ಕೋಣೆ ಖಾಲಿ ಮಾಡಿಸಿ ಠಾಣೆಗೆ ಹೇಳಬೇಕು, ಅವರೇ ಬಂದು ಒಯ್ಯಬೇಕು.

ಇನ್ನೊಂದಿದೆ, ಇದು ತೋಟಾಕ್ಕಿಂತ ಅಪಾಯದ್ದು. ಕಾಡುಹಂದಿ ಬೇಟೆಗೆ ಇಡುವ ಸಿಡಿಮದ್ದಿನ ಉಂಡೆ. ಮೇಲೆ ಹಿಟ್ಟೋ ಮಾಂಸದ ಚೂರೋ ಸವರಿ ತೋಟದ ಅಂಚಿನಲ್ಲಿ ಎಸೆದಿರುತ್ತಾರೆ, ಹಂದಿ ಕಚ್ಚಿದ ಕೂಡಲೇ ಒತ್ತಡಕ್ಕೆ ಸಿಡಿಯುತ್ತದೆ. ದನಗಳ ದವಡೆ ಹಾರಿಹೋದ ಸುದ್ದಿ ನಮ್ಮ ಕಡೆ ಆಗಾಗ ಕೇಳುತ್ತೇವೆ. ಮಕ್ಕಳು ನಡೆದು ಬರುವುದು ಅದೇ ತೋಟ, ಅದೇ ಬ್ಯಾಣದ (ಹುಲ್ಲುಗಾವಲಿನ) ದಾರಿಯಲ್ಲಿ. ದಾರದಲ್ಲಿ ಸುತ್ತಿದ, ನಿಂಬೆಹಣ್ಣಿನ ಗಾತ್ರದ ಗುರುತಿಲ್ಲದ ಉಂಡೆ ಕಂಡರೆ ಮುಟ್ಟಬಾರದು, ಒದೆಯಬಾರದು, ಕಲ್ಲು ಹೊಡೆಯಬಾರದು ಎಂದು ಪ್ರಾರ್ಥನೆಯಲ್ಲಿ ಬೀಟ್ ಪೊಲೀಸರಿಂದಲೇ ಹೇಳಿಸಿ. ನಾವು ಹೇಳಿದರೆ ಪಾಠ ಎನಿಸುತ್ತದೆ, ಅವರು ಹೇಳಿದರೆ ಮನೆಗೆ ಹೋಗಿ ಹೇಳುತ್ತವೆ. ಅಂಥದ್ದು ಶಾಲೆಯ ಹತ್ತಿರ ಕಂಡರೆ ಮಕ್ಕಳನ್ನು ದೂರ ಒಯ್ದು 112ಕ್ಕೆ ಫೋನ್ ಮಾಡಿ, ಜಾಗಕ್ಕೆ ಯಾರೂ ಹೋಗದಂತೆ ಒಬ್ಬರು ಕಾಯಲಿ. ನೀರು ಹುಯ್ಯುವ ಸಾಹಸ ಬೇಡ.

ಮಗು ಬಂದು ಹೇಳಿದಾಗ

ಇಲ್ಲಿ ನಿಧಾನವಾಗಿ ಓದಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದೆಂಬ ಆತಂಕ ಇರುವವರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಆರೋಪ ನಿಮ್ಮ ಕೈಕೆಳಗಿನ ಸಿಬ್ಬಂದಿಯ ಮೇಲೇ ಇದ್ದು ಸಂಸ್ಥೆಯ ಮುಖ್ಯಸ್ಥರಾಗಿ ನೀವು ಸುಮ್ಮನಿದ್ದರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ ಎಂಬುದೂ ಅದೇ ಕಾಯ್ದೆಯಲ್ಲಿದೆ. ಇದನ್ನು ಸಹೋದ್ಯೋಗಿಗಳಿಗೆ ಒತ್ತಿ ಹೇಳಿ, ಅವರು ಹೆದರುವುದು ಅದಕ್ಕೇ.

ಕೆಲಸ ಹೀಗೆ ನಡೆಯಲಿ. ಮಗು ಯಾರ ಹತ್ತಿರ ಹೇಳಿತೋ ಅವರೇ ಪೂರ್ತಿ ಕೇಳಿಸಿಕೊಳ್ಳಲಿ. "ನಿಜಾನಾ?", "ಮೊದಲೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆಗಳು ಬಾಯಿಗೆ ಬರಬಾರದು. ಮಗು ಆಡಿದ ಮಾತನ್ನು ಅದೇ ಮಾತಿನಲ್ಲಿ ಬರೆದು, ದಿನಾಂಕ, ಸಮಯ ಹಾಕಿ ಸಹಿ ಮಾಡಲಿ. ಶುದ್ಧ ಕನ್ನಡಕ್ಕೆ ತಿದ್ದಬೇಡಿ. ನೀವು ಮತ್ತೆ ಕರೆಸಿ ಕೇಳಬೇಡಿ, ಸಮಿತಿ ಕೂರಿಸಿ ಕೇಳಬೇಡಿ. ಮಗು ಒಂದೇ ಕಥೆಯನ್ನು ಐದು ಜನಕ್ಕೆ ಹೇಳಿದರೆ ಐದು ಥರ ಆಗುತ್ತದೆ, ಮುಂದೆ ಕೋರ್ಟಿನಲ್ಲಿ ವಕೀಲರು ಹಿಡಿಯುವುದು ಅದನ್ನೇ. ಅದೇ ದಿನ ಠಾಣೆಗೆ ತಿಳಿಸಿ, ಲಿಖಿತವಾಗಿಯೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪೋಷಕರಿಗೂ ಹೇಳಿ. ಆರೋಪಿ ಮನೆಯವನೇ ಆಗಿದ್ದರೆ ಮೊದಲು 1098.

ಮಗುವನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬೇಕಾಗಿಲ್ಲ. 24ನೇ ಸೆಕ್ಷನ್ ಪ್ರಕಾರ ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಮಗುವಿಗೆ ಸರಿ ಎನಿಸಿದ ಜಾಗದಲ್ಲಿ, ಆದಷ್ಟೂ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯಿಂದ, ಸಮವಸ್ತ್ರ ಇಲ್ಲದೆ. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಇದೆಲ್ಲ ಠಾಣೆಯವರಿಗೆ ಗೊತ್ತಿಲ್ಲವೆಂದಲ್ಲ. ನಮ್ಮಂಥ ಠಾಣೆಯಲ್ಲಿ ಮಹಿಳಾ ಎಸ್‌ಐ ಇರುವುದಿಲ್ಲ, ಬೇರೆ ಕಡೆಯಿಂದ ಬರಬೇಕು, ಹೊತ್ತಾಗುತ್ತದೆ. "ನಮಗೆ ಬೇಕಾದಾಗ ಯಾರು, ಎಲ್ಲಿಂದ ಬರುತ್ತಾರೆ?" ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಆಮೇಲೆ ಬರುವುದು ಊರ ಒತ್ತಡ. ಯಾರೋ ಹಿರಿಯರು ಬಂದು ಕುರ್ಚಿ ಎಳೆದುಕೊಂಡು ಕೂತು, "ಹೆಣ್ಣು ಹುಡುಗಿ ವಿಷಯ ಮೇಡಂ, ಊರಲ್ಲೇ ಕೂತು ಮುಗಿಸುವ" ಎನ್ನುತ್ತಾರೆ. ನಿಮ್ಮ ಉತ್ತರ ಸಿದ್ಧವಿರಲಿ: "ನಾನು ತಿಳಿಸಿ ಆಯ್ತು." ಇದು ನಿಜವೂ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅದಕ್ಕೇ ಮೊದಲು ತಿಳಿಸಿ ಎಂದದ್ದು. ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ, ಪ್ರೀತಿ ಎನ್ನುವ ಪ್ರಕರಣಗಳಲ್ಲಿ ಶಿಕ್ಷಕರ ಮನಸ್ಸು ಎರಡಾಗುತ್ತದೆ. ನನ್ನದೂ ಆಗುತ್ತದೆ. ಆದರೆ ಕಾಯ್ದೆ ಹದಿನೆಂಟರ ಕೆಳಗೆ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಿಳಿಸುವ ಹೊಣೆಯಲ್ಲಿ ನಮಗೆ ಆಯ್ಕೆ ಇಲ್ಲ.

ಮಗುವಿನ ಹೆಸರು, ಫೋಟೊ, ಗುರುತು ಸಿಗುವ ಯಾವ ವಿವರವೂ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಕೊಡುವಾಗ ಮುಚ್ಚಿದ ಲಕೋಟೆ. ಪತ್ರಿಕೆಯವರು ಫೋನ್ ಮಾಡಿದರೆ "ಠಾಣೆಯನ್ನು ಕೇಳಿ" ಎಂದಷ್ಟೇ.

ಗಂಟೆ ಹೊಡೆದ ಮೇಲೆ

ಗೇಟಿನೊಳಗೆ ನಾವು ಕಾಯುತ್ತೇವೆ. ಗಂಟೆ ಹೊಡೆದು ಬಸ್ಸು ಬರುವ ನಡುವಿನ ಹೊತ್ತು ಯಾರದ್ದೂ ಅಲ್ಲ. ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕಾದ ನಮ್ಮ ಕಡೆ ತಂಗುದಾಣದ ಸುತ್ತ ಬೈಕುಗಳು ಸುಳಿಯುವುದು ಆಗಲೇ. ಬೀಟ್ ಪೊಲೀಸರಿಗೆ ದಿನಾ ಬನ್ನಿ ಎಂದರೆ ಆಗುವ ಮಾತಲ್ಲ. ವಾರದಲ್ಲಿ ಎರಡು ಸಲ, ಯಾವ ದಿನವೆಂದು ಯಾರಿಗೂ ಗೊತ್ತಾಗದ ಹಾಗೆ, ಆ ಹೊತ್ತಿಗೆ ಒಂದು ಸುತ್ತು ಬನ್ನಿ ಎಂದರೆ ಒಪ್ಪುತ್ತಾರೆ. ಉಳಿದ ದಿನ ಒಬ್ಬ ಶಿಕ್ಷಕರು ಅಲ್ಲಿ ನಿಂತು ಬೈಕಿನ ನಂಬರು ಬರೆದುಕೊಂಡರೆ ಸಾಕು. ಎದುರಿಗೇ ಪುಸ್ತಕ ತೆಗೆದು ಬರೆದುಕೊಳ್ಳಿ, ಅರ್ಧ ಕೆಲಸ ಅಲ್ಲೇ ಆಗುತ್ತದೆ.

ನಮ್ಮ ಮಕ್ಕಳೇ ಗಾಡಿ ಓಡಿಸಿಕೊಂಡು ಬರುವುದಿದೆಯಲ್ಲ, ಅದಕ್ಕೆ ಪೋಷಕರ ಸಭೆಗೆ ಪಿಎಸ್‌ಐ ಅವರನ್ನೇ ಕರೆಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಮಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸೂ ಇಲ್ಲ. ನಮ್ಮ ಸಭೆಯಲ್ಲಿ ಜೈಲು ಎಂದಾಗ ಯಾರೂ ತಲೆ ಎತ್ತಲಿಲ್ಲ, ಲೈಸೆನ್ಸ್ ಇಲ್ಲ ಎಂದಾಗ ಹಿಂದಿನ ಸಾಲಿನವರೂ ಕಿವಿ ನಿಮಿರಿಸಿದರು.

ಗುಟ್ಕಾ ಅಂಗಡಿಯದ್ದು ಸೂಕ್ಷ್ಮ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಈಗ ಕರ್ನಾಟಕದ ತಿದ್ದುಪಡಿಯ ಪ್ರಕಾರ, ಶಾಲೆಯಿಂದ ನೂರು ಮೀಟರಿನೊಳಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ಅಂಗಡಿಯವರು ನಮ್ಮದೇ ಹುಡುಗಿಯೊಬ್ಬಳ ಅಪ್ಪ, ಶಾಲೆಯ ವಾರ್ಷಿಕೋತ್ಸವಕ್ಕೆ ಶಾಮಿಯಾನ ಕೊಟ್ಟವರು. ನಾವು ಮಾಡಿದ್ದು ಇಷ್ಟು: ದೈಹಿಕ ಶಿಕ್ಷಕರು ಓಟದ ಟ್ರ್ಯಾಕ್ ಅಳೆಯುವ ಟೇಪು ಹಿಡಿದು, ಬೀಟ್ ಪೊಲೀಸರು ಮತ್ತು ಪಂಚಾಯಿತಿ ಪಿಡಿಒ ಜೊತೆಗೆ, ಹಗಲು ಹೊತ್ತಿನಲ್ಲಿ ಗೇಟಿನಿಂದ ಅಂಗಡಿಯ ತನಕ ಅಳೆದರು. ಯಾರೂ ಯಾರಿಗೂ ಒಂದು ಮಾತು ಹೇಳಲಿಲ್ಲ. ಸಂಜೆಯೊಳಗೆ ಗುಟ್ಕಾ ಮಾಲೆಗಳು ಕೆಳಗಿಳಿದಿದ್ದವು. ಇಳಿಯದಿದ್ದರೆ ಲಿಖಿತ ದೂರು ಕೊಡಲೇಬೇಕಿತ್ತು, ಶಾಮಿಯಾನದ ಮುಲಾಜಿಲ್ಲದೆ.

ಮಳೆ, ಕರೆಂಟು, ಸಿಗ್ನಲ್

ಜುಲೈನಲ್ಲಿ ರಜೆಯ ಆದೇಶ ಬರುವ ಹೊತ್ತಿಗೆ ದೂರದ ಮಕ್ಕಳು ಮನೆ ಬಿಟ್ಟಾಗಿರುತ್ತದೆ. ಯಾವ ದಾರಿಗೆ ಮರ ಬಿದ್ದಿದೆ, ಯಾವ ಹಳ್ಳ ಕಾಲುಸಂಕದ ಮೇಲೆ ಹರಿಯುತ್ತಿದೆ ಎಂಬ ಸುದ್ದಿ ಮೊದಲು ಮುಟ್ಟುವುದು ಠಾಣೆಗೆ. ಹಾಗಾಗಿ ಹೋಬಳಿಯ ಎಲ್ಲ ಮುಖ್ಯೋಪಾಧ್ಯಾಯರು, ಠಾಣೆ, ಬಸ್ ಏಜೆಂಟರು, ಪಿಡಿಒಗಳು ಇರುವ ಒಂದು ಗುಂಪು ಇರಲಿ, ಅದರಲ್ಲಿ ಶುಭೋದಯದ ಹೂವುಗಳು ಬೇಡ. ಕರೆಂಟು ಹೋದರೆ ಟವರೂ ಹೋಗುತ್ತದೆ, ಆಗ ಗುಂಪು ಉಪಯೋಗಕ್ಕಿಲ್ಲ. ಸಿಗ್ನಲ್ ಸಿಗುವ ಗುಡ್ಡ ಯಾವುದು, ಲ್ಯಾಂಡ್‌ಲೈನ್ ಇರುವ ಮನೆ ಯಾವುದು ಎಂದು ಆ ಹಾಳೆಯಲ್ಲೇ ಬರೆದಿಡಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಜೀವಂತವಿದ್ದರೆ 112 ಹೋಗುತ್ತದೆ, ಪ್ರಯತ್ನ ಬಿಡಬೇಡಿ.

ಬೆಳಿಗ್ಗೆ ಹಾಜರಿ ಮುಗಿದ ಕೂಡಲೇ ಬಾರದ ಮಕ್ಕಳ ಮನೆಗೆ ಫೋನ್ ಹೋಗಲಿ. ಮನೆಯಿಂದ ಹೊರಟಿದೆ, ಶಾಲೆಗೆ ಬಂದಿಲ್ಲ ಎಂದಾದರೆ ಸಂಜೆಯ ತನಕ ಕಾಯುವುದು ಬೇಡ. ಮಗು ಕಾಣೆಯಾದ ದೂರಿಗೆ ಎಫ್‌ಐಆರ್ ದಾಖಲಿಸಬೇಕೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, "24 ಗಂಟೆ ನೋಡಿ ಬನ್ನಿ" ಎನ್ನುವ ಮಾತಿಗೆ ಜಾಗವಿಲ್ಲ.

ಉಳಿದವು ಚುಟುಕಾಗಿ. ಸಿಸಿ ಕ್ಯಾಮೆರಾ ಇದ್ದರೆ ಒಳ್ಳೆಯದು, ಆದರೆ ಬ್ಯಾಟರಿ ಇಲ್ಲದ ಕ್ಯಾಮೆರಾ ಮಳೆಗಾಲದಲ್ಲಿ ಗೋಡೆಗೆ ಅಲಂಕಾರ. ಅದರ ದೃಶ್ಯವನ್ನು ತನಿಖಾಧಿಕಾರಿಯ ಪತ್ರವಿಲ್ಲದೆ ಯಾರಿಗೂ ಕೊಡಬೇಡಿ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಂದಂಥ ಬಾಂಬ್ ಬೆದರಿಕೆಯ ಇಮೇಲ್ ನಮಗೂ ಬರಬಹುದು. ಅವು ಹುಸಿಯೆಂದು ಆಮೇಲೆ ಗೊತ್ತಾಯಿತು, ಆದರೆ ಹುಸಿಯೋ ನಿಜವೋ ಎಂದು ತೀರ್ಮಾನಿಸುವುದು ಪೊಲೀಸರ ಕೆಲಸ. ಇಮೇಲ್ ಅಳಿಸಬೇಡಿ, ಮಕ್ಕಳನ್ನು ಮೈದಾನಕ್ಕೆ ತನ್ನಿ, ಹಾಜರಿ ಪುಸ್ತಕ ಕೈಯಲ್ಲಿರಲಿ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡರೆ ಸಹಾಯವಾಣಿ 1930. ಇನ್ನು ಮಕ್ಕಳನ್ನು ಠಾಣೆಗೆ ಕರೆದೊಯ್ಯುವ ತೆರೆದ ಮನೆ ಕಾರ್ಯಕ್ರಮಕ್ಕೆ ಖಂಡಿತ ಹೋಗಿ, ಭಾಷಣ ಕಡಿಮೆ ಮಾಡಿಸಿ, ವೈರ್‌ಲೆಸ್ ಸೆಟ್ ಮುಟ್ಟಲು ಬಿಡಿ ಎಂದು ಕೇಳಿ. ನಮ್ಮ ಮಕ್ಕಳು ಪಿಎಸ್‌ಐ ಹೆಸರು ಮರೆತಿದ್ದಾರೆ, "ಓವರ್" ಅನ್ನುವುದನ್ನು ಮರೆತಿಲ್ಲ.

ಕೊನೆಗೆ ಆ ಹಾಳೆಯ ವಿಷಯ. ಪಿಎಸ್‌ಐ ಬದಲಾದಾಗ ಹೊಸಬರಿಗೆ ಹೊಸ ಪ್ರತಿ ಕೊಡಿ. ನೀವೇ ವರ್ಗವಾದರೆ ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ಚೆಕ್ ಪುಸ್ತಕ, ಸ್ಟಾಕ್ ರಿಜಿಸ್ಟರುಗಳ ಕೆಳಗೆ ಇದನ್ನೂ ಒಂದು ಸಾಲಾಗಿ ಸೇರಿಸಿ, ಬೀಟ್ ಪೊಲೀಸರ ನಂಬರಿಗೆ ನಿಮ್ಮ ಎದುರಿಗೇ ಹೊಸಬರಿಂದ ಒಂದು ಕರೆ ಮಾಡಿಸಿ, ಆಮೇಲೆ ಸಹಿ ಹಾಕಿ.